ಮಾನ್ವಿಯ ಕಾಂಟೆಸ್ಸಾ ಮತ್ತು ಬ್ರಿಟನ್ನಿನ ಹಳೇ ಕಾರುಗಳು

ಕಾರುಗಳ ಇತಿಹಾಸ ಓದುವ ಹುಚ್ಚು ನನಗೆ ಇಂಜಿನಿಯರಿಂಗ್ ಓದುವಾಗ ಹತ್ತಿದ್ದು. ಕೆಲಸಕ್ಕೆ ಸೇರಿ, ದಿನವಿಡೀ ಬೇರೆ ಯಾರೋ ಬರೆದಿಟ್ಟು ಹೋದ ಹಳೇ ಕೋಡ್ ರಿಪೇರಿ ಮಾಡತೊಡಗಿದ ಮೇಲೆ ಅದು ಇನ್ನೂ ಜಾಸ್ತಿಯಾಯಿತು :-) ಈ ಸಲ ಒಂದು ಸಣ್ಣ ಪ್ರಶ್ನೆ ಹಿಡಿದುಕೊಂಡು ಬರೆಯುತ್ತಿದ್ದೇನೆ. ಬ್ರಿಟನ್ನಿನಲ್ಲಿ ವಯಸ್ಸಾದ ಸ್ಪೋರ್ಟ್ಸ್ ಸಲೂನ್ ಅಂದರೆ ಕಡಿಮೆ ದುಡ್ಡಿನವರ ಕಾರು. ಅಂಥ ಕಾರುಗಳು ನಮ್ಮ ದೇಶಕ್ಕೂ ಬಂದವು. ನಮ್ಮ ರಾಯಚೂರು, ಮಾನ್ವಿ, ದೇವದುರ್ಗದಂಥ ಊರುಗಳಲ್ಲಿ ಅವು ಕೈಗೆಟುಕುವ ಕಾರಾದವೇ? ಒಂದು ಆಯಿತು, ಇನ್ನೊಂದು ಆಗಲಿಲ್ಲ. ಯಾಕೆ ಅಂತ ಹುಡುಕಿದ್ದೇ ಈ ಬರಹ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ಮೊದಲು ಸ್ಪೋರ್ಟ್ಸ್ ಸಲೂನ್ ಅಂದರೇನು ಅಂತ ಹೇಳಿಬಿಡುತ್ತೇನೆ. ಐದು ಜನಕ್ಕೆ ಜಾಗ, ಸಾಮಾನಿಗೆ ಡಿಕ್ಕಿ, ಎಲ್ಲಾ ಇರುವ ಸಂಸಾರಸ್ಥರ ಕಾರು. ಆದರೆ ಬಾನೆಟ್ ಕೆಳಗೆ ಸಂಸಾರಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಕಸುವು. 1973ರಲ್ಲಿ ಬಂದ ಟ್ರಯಂಫ್ ಡಾಲೊಮೈಟ್ ಸ್ಪ್ರಿಂಟ್, ಎಪ್ಪತ್ತರ ದಶಕದ ವಾಕ್ಸ್‌ಹಾಲ್ ವಿಎಕ್ಸ್ 4/90, 1976ರ ರೋವರ್ ಎಸ್‌ಡಿ1, ಇವೆಲ್ಲ ಆ ಜಾತಿಯವು. ರೋವರ್ ಎಸ್‌ಡಿ1 ಅಂತೂ 1977ರಲ್ಲಿ ಯುರೋಪಿನ 'ವರ್ಷದ ಕಾರು' ಆಗಿತ್ತು. ಮೂರೂವರೆ ಲೀಟರಿನ ವಿ8 ಎಂಜಿನ್. ಅಲ್ಲಿನ ಪೊಲೀಸರೂ ಅದನ್ನು ಇಟ್ಟುಕೊಂಡಿದ್ದರು.

ಇಂಥ ಕಾರು ಅಲ್ಲಿ ಹತ್ತು ವರ್ಷಕ್ಕೆ ಯಾಕೆ ಸಸ್ತಾ ಆಗುತ್ತಿತ್ತು? ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, ಮೈಗೆ ತುಕ್ಕು ಹಿಡಿಯುತ್ತದೆ. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಕುಡಿಯುವ ದೊಡ್ಡ ಕಾರುಗಳನ್ನು ಕಂಡರೆ ಜನಕ್ಕೆ ಭಯ. 1960ರಲ್ಲಿ ಶುರುವಾದ ಎಂಒಟಿ ಅನ್ನುವ ವಾರ್ಷಿಕ ತಪಾಸಣೆಯಲ್ಲಿ ಪಾಸಾಗಬೇಕು. ಜೊತೆಗೆ ಪ್ರತಿ ವರ್ಷ ಹೊಸ ಮಾಡೆಲ್ಲುಗಳು ಬರುತ್ತಲೇ ಇರುತ್ತವೆ. ಹೀಗಾಗಿ ಬೆಲೆ ನೆಲಕ್ಕೆ ಬೀಳುತ್ತಿತ್ತು. ಕೈಯಲ್ಲಿ ಪಾನಾ ಹಿಡಿಯಲು ಬರುವವನು ಒಂದು ಸಾಧಾರಣ ಮೋಟಾರ್‌ಸೈಕಲ್ಲಿನ ದುಡ್ಡಿಗೆ ದೊರೆಗಳ ಕಾರು ತಂದು ಅಂಗಳದಲ್ಲಿ ನಿಲ್ಲಿಸಬಹುದಿತ್ತು. ಹೀಗೆ ಡಕೋಟಾ ಗಾಡಿ ಕೊಂಡು ಓಡಿಸಿ ದುಡ್ಡು ಉಳಿಸುವುದಕ್ಕೆ ಜೇಮ್ಸ್ ರಪ್ಪರ್ಟ್ ಅನ್ನುವ ಪತ್ರಕರ್ತ 'ಬ್ಯಾಂಗರ್‌ನಾಮಿಕ್ಸ್' ಅಂತ ಹೆಸರನ್ನೇ ಇಟ್ಟ.

ನಮ್ಮಲ್ಲಿ ಈ ಲೆಕ್ಕ ಪೂರ್ತಿ ಉಲ್ಟಾ ಇತ್ತು.

ಲೈಸೆನ್ಸ್ ರಾಜ್ಯದ ಕಾಲ. ದೇಶಕ್ಕೆಲ್ಲ ಮೂರೇ ಕಾರ್ ಕಂಪನಿ. ಕಲ್ಕತ್ತಾ ಹತ್ತಿರದ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟರ್ಸ್, ಬೊಂಬಾಯಿಯ ಕುರ್ಲಾದಲ್ಲಿ ಪ್ರೀಮಿಯರ್, ಮದ್ರಾಸಿನ ಹೊರಗೆ ವಂಡಲೂರಿನಲ್ಲಿ ಸ್ಟಾಂಡರ್ಡ್. ಬುಕ್ ಮಾಡಿದವರು ವರ್ಷಗಟ್ಟಲೆ ಕಾಯಬೇಕು. ಕಾಯಲು ಒಲ್ಲದವರು ಹೆಚ್ಚು ದುಡ್ಡು ಕೊಟ್ಟು ಸೆಕೆಂಡ್ ಹ್ಯಾಂಡ್ ಕೊಳ್ಳುತ್ತಿದ್ದರು. ಹೊಸ ಕಾರಿನ ಬೆಲೆಯನ್ನು 1969ರ ನಂತರ ಸರಕಾರ ನಿಯಂತ್ರಿಸುತ್ತಿತ್ತು, ಹಳೆಯದಕ್ಕೆ ಸಂತೆಯ ಬೆಲೆ. ಹೊಸದಕ್ಕಿಂತ ಹಳೆಯದೇ ತುಟ್ಟಿಯಾದ ಉದಾಹರಣೆಗಳು ಬೇಕಾದಷ್ಟಿದ್ದವು. ಅಂದರೆ 'ಹಳೆಯದು, ಆದ್ದರಿಂದ ಸಸ್ತಾ' ಅನ್ನುವ ಕಾರು ನಮ್ಮಲ್ಲಿ ಹುಟ್ಟುವುದಕ್ಕೇ ಸಾಧ್ಯವಿರಲಿಲ್ಲ. ಅದು ಹುಟ್ಟಿದ್ದು 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ರಸ್ತೆಗಿಳಿದ ಮೇಲೆ.

ಅಂದ ಹಾಗೆ ಈ ಮೂರು ಕಾರ್ಖಾನೆಗಳ ನಕ್ಷೆಯಲ್ಲಿ ರಾಯಚೂರಿಗೆ ಒಂದು ತಮಾಷೆಯ ಜಾಗ ಇದೆ. ಬೊಂಬಾಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದ್ರಾಸ್ ರೈಲ್ವೆಯೂ 1871ರಲ್ಲಿ ಕೈಕುಲುಕಿದ್ದು ನಮ್ಮ ರಾಯಚೂರು ಸ್ಟೇಷನ್ನಿನಲ್ಲಿ. ಒಂದು ಕಡೆಯಿಂದ ಫಿಯಟ್, ಇನ್ನೊಂದು ಕಡೆಯಿಂದ ಸ್ಟಾಂಡರ್ಡ್. ಹೆಚ್ಚು ಕಡಿಮೆ ನಡುಮಧ್ಯದಲ್ಲಿ ನಾವು. ರಸ್ತೆಯಲ್ಲಿ ಹೋದರೆ ನಿಜಾಮರ ಕಾಲದಲ್ಲಿ ದೇವಸುಗೂರಿನ ಬಳಿ ಕೃಷ್ಣೆಗೆ ಕಟ್ಟಿದ ಸೇತುವೆ ದಾಟಿ ಹೈದರಾಬಾದ್. 1956ರವರೆಗೆ ನಾವು ಇದ್ದದ್ದೂ ಅದೇ ರಾಜ್ಯದಲ್ಲಿ. ಹಾಗಾಗಿ ದೊಡ್ಡವರ ಹಳೆಯ ಕಾರು ನಮ್ಮ ಕಡೆ ಹರಿದು ಬರುತ್ತಿದ್ದದ್ದು ಹೆಚ್ಚಾಗಿ ಹೈದರಾಬಾದಿನಿಂದ.

*

ಈಗ ಕಾರುಗಳಿಗೆ ಬರೋಣ. ಮೊದಲನೆಯದು ಸ್ಟಾಂಡರ್ಡ್ ಹೆರಾಲ್ಡ್. 1959ರಲ್ಲಿ ಬ್ರಿಟನ್ನಿನಲ್ಲಿ ಬಂದ ಟ್ರಯಂಫ್ ಹೆರಾಲ್ಡ್ 1961ರಲ್ಲಿ ಮದ್ರಾಸಿಗೆ ಬಂತು. ಇದೇ ಚಾಸಿ ಮೇಲೆ ಅಲ್ಲಿ ಸ್ಪಿಟ್‌ಫೈರ್ ಅನ್ನುವ ಸ್ಪೋರ್ಟ್ಸ್ ಕಾರನ್ನೂ, ಆರು ಸಿಲಿಂಡರಿನ ವಿಟೆಸ್ ಅನ್ನುವ ಸ್ಪೋರ್ಟ್ಸ್ ಸಲೂನನ್ನೂ ಕಟ್ಟಿದರು. ನಮಗೆ ಸಿಕ್ಕಿದ್ದು 948 ಸಿಸಿಯ ಬಡ ತಮ್ಮ. ಆದರೆ ನೋಟ ಇಟಲಿಯ ಮಿಕೆಲೊಟ್ಟಿ ಬರೆದದ್ದು, ಅಂಬಾಸಿಡರ್ ಪಕ್ಕ ನಿಂತರೆ ಮದುಮಗಳಂತೆ ಕಾಣುತ್ತಿತ್ತು.

ಹೆರಾಲ್ಡ್ ಹುಟ್ಟಿದ ಕಥೆ ಇಂಜಿನಿಯರುಗಳು ಓದಲೇಬೇಕಾದ್ದು. 1953ರಲ್ಲಿ ಸ್ಟಾಂಡರ್ಡ್ ಕಂಪನಿಗೆ ಬಾಡಿ ಒತ್ತಿ ಕೊಡುತ್ತಿದ್ದ ಫಿಶರ್ ಅಂಡ್ ಲಡ್ಲೋ ಕಾರ್ಖಾನೆಯನ್ನು ಎದುರಾಳಿ ಬಿಎಂಸಿ ಕೊಂಡುಬಿಟ್ಟಿತು. ಇಡೀ ಬಾಡಿ ಒಂದೇ ಕಡೆ ಮಾಡಿಸುವ ದಾರಿ ಮುಚ್ಚಿತು. ಆಗ ಸ್ಟಾಂಡರ್ಡಿನವರು ಬೇರೆಯೇ ಚಾಸಿ ಇಟ್ಟು, ಬಾಡಿಯನ್ನು ತುಂಡು ತುಂಡಾಗಿ ಬೇರೆ ಬೇರೆ ಕಡೆ ಮಾಡಿಸಿ ಬೋಲ್ಟ್ ಹಾಕಿ ಜೋಡಿಸುವ ಕಾರು ಮಾಡಿದರು. ಆ ಕಾಲಕ್ಕೆ ಅದು ಹಿಂದಕ್ಕೆ ಹೋದ ಹಾಗೆ. ಆದರೆ ಅದರಿಂದಲೇ ಭಾರತದಂಥ ದೇಶದಲ್ಲಿ ಜೋಡಿಸಲು ಸಲೀಸಾಯಿತು. ಪೂರ್ತಿ ಬಾನೆಟ್ ಮುಂದಕ್ಕೆ ಮಗುಚಿಕೊಳ್ಳುತ್ತದೆ, ಮೆಕ್ಯಾನಿಕ್ ಮುಂಗಾಲಿಯ ಮೇಲೆ ಕೂತು ಕೆಲಸ ಮಾಡಬಹುದು. ರೆಕ್ಕೆ ನಜ್ಜುಗುಜ್ಜಾದರೆ ಬೋಲ್ಟ್ ಬಿಚ್ಚಿದರೆ ಸಾಕು. ನಾಲ್ಕು ಬಾಗಿಲಿನ ಹೆರಾಲ್ಡ್ ಸಲೂನ್ ಬ್ರಿಟನ್ನಿನಲ್ಲಿ ಬರಲೇ ಇಲ್ಲ, ಅದು ಮದ್ರಾಸಿನವರದೇ ಕೈಚಳಕ. 1972ರ ಹೊತ್ತಿಗೆ ಹೆರಾಲ್ಡ್ ಹೋಗಿ ಗೆಜಲ್ ಬಂತು. 1977ಕ್ಕೆ ಅದೂ ನಿಂತು, ಕಂಪನಿ ವ್ಯಾನುಗಳನ್ನು ಮಾಡಿಕೊಂಡು ಕಾಲ ಹಾಕಿತು.

ನಿಜವಾದ ಸ್ಪೋರ್ಟ್ಸ್ ಸಲೂನ್ ಬಂದದ್ದು ಎಂಬತ್ತರ ದಶಕದಲ್ಲಿ, ಒಂದರ ಹಿಂದೆ ಒಂದು. 1984ರಲ್ಲಿ ಹಿಂದುಸ್ತಾನ್ ಕಾಂಟೆಸ್ಸಾ, 1985ರಲ್ಲಿ ಸ್ಟಾಂಡರ್ಡ್ 2000.

ಕಾಂಟೆಸ್ಸಾ ಅಂದರೆ ಅಲ್ಲಿ 1978ಕ್ಕೆ ನಿಂತುಹೋದ ವಾಕ್ಸ್‌ಹಾಲ್ ವಿಎಕ್ಸ್. ಸ್ಟಾಂಡರ್ಡ್ 2000 ಅಂದರೆ ಆ ಬಹುಮಾನ ಗೆದ್ದ ರೋವರ್ ಎಸ್‌ಡಿ1. ಇಬ್ಬರೂ ಒಂದೇ ಕೆಲಸ ಮಾಡಿದರು. ಬಾಡಿ ಪರದೇಶದ್ದು ಇಟ್ಟುಕೊಂಡು, ಒಳಗೆ ತಮ್ಮ ಅಟ್ಟದಲ್ಲಿದ್ದ ಹಳೆಯ ಎಂಜಿನ್ ಕೂರಿಸಿದರು. ವಿಎಕ್ಸ್ 4/90ನಲ್ಲಿ 2.3 ಲೀಟರ್, ಎರಡು ಕಾರ್ಬುರೇಟರ್, 100ಕ್ಕೂ ಹೆಚ್ಚು ಅಶ್ವಶಕ್ತಿ. ನಮ್ಮ ಕಾಂಟೆಸ್ಸಾಗೆ ಅಂಬಾಸಿಡರಿನ 1489 ಸಿಸಿ ಎಂಜಿನ್, ಸುಮಾರು 50 ಅಶ್ವಶಕ್ತಿ. ರೋವರಿನ ವಿ8 ಇದ್ದ ಜಾಗದಲ್ಲಿ ಸ್ಟಾಂಡರ್ಡ್‌ನವರು 1991 ಸಿಸಿಯ ಹಳೆಯ ವ್ಯಾನ್‌ಗಾರ್ಡ್ ಎಂಜಿನ್ ಹಾಕಿದರು, ಸುಮಾರು 83 ಅಶ್ವಶಕ್ತಿ. ಹುಲಿ ವೇಷ, ಒಳಗೆ ನಮ್ಮೂರ ಮನುಷ್ಯ!

ಆದರೆ ಈ ಎರಡು ಎಂಜಿನ್ನುಗಳ ಜಾತಕ ನೋಡಿದರೆ ಮಜಾ ಇದೆ. ಅಂಬಾಸಿಡರಿನ ಆ 1489 ಸಿಸಿ ಎಂಜಿನ್ ಬಿಎಂಸಿಯ ಬಿ-ಸೀರೀಸ್. 1955ರ ಎಂಜಿಎ ಅನ್ನುವ ಸೊಗಸಾದ ಸ್ಪೋರ್ಟ್ಸ್ ಕಾರಿನಲ್ಲಿದ್ದದ್ದೂ ಇದೇ ಕುಟುಂಬದ 1489 ಸಿಸಿ. ವ್ಯಾನ್‌ಗಾರ್ಡಿನದು ಇನ್ನೂ ವಿಚಿತ್ರ. ಅದೇ ಕುಟುಂಬದ ಎಂಜಿನ್ 1953ರ ಟ್ರಯಂಫ್ ಟಿಆರ್2 ಸ್ಪೋರ್ಟ್ಸ್ ಕಾರಿನಲ್ಲಿತ್ತು, ಕೊವೆಂಟ್ರಿಯಲ್ಲಿ ತಯಾರಾದ ಫರ್ಗ್ಯುಸನ್ ಟ್ರ್ಯಾಕ್ಟರಿನಲ್ಲೂ ಇತ್ತು. ಒಬ್ಬ ಅಣ್ಣ ರೇಸಿಗೆ, ಒಬ್ಬ ಅಣ್ಣ ಹೊಲಕ್ಕೆ. ಇದರ ಸಿಲಿಂಡರ್ ಲೈನರುಗಳು ನೀರಿನಲ್ಲಿ ನಿಂತಿರುತ್ತವೆ. ಸವೆದರೆ ಬ್ಲಾಕ್ ಹೊತ್ತುಕೊಂಡು ಲೇಥ್ ಅಂಗಡಿಗೆ ಹೋಗಬೇಕಿಲ್ಲ, ಲೈನರ್ ಎಳೆದು ಹೊಸದು ಕೂರಿಸಿದರಾಯಿತು. ರೋವರಿನ ಹಿಂದಿನ ಆಕ್ಸಲ್ಲೂ ಅಡ್ಡ ತೊಲೆಯಂಥ ಗಟ್ಟಿ ಆಕ್ಸಲ್ಲೇ. ಯುರೋಪಿನಲ್ಲಿ ಅದನ್ನು ಹಳೇ ಕಾಲದ್ದು ಅಂದರು, ಆದರೆ ನಮ್ಮ ಎರಿ ಭೂಮಿಯ ರಸ್ತೆಗೆ ಅದೇ ಸರಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಕಪ್ಪು ಮಣ್ಣಿನ ಮೇಲೆ ಹಾಕಿದ ಡಾಂಬರು ಎರಡು ವರ್ಷದಲ್ಲಿ ಸಮುದ್ರದ ಅಲೆಯ ಹಾಗೆ ಆಗುವುದನ್ನು ನಮ್ಮ ಕಡೆಯವರು ನೋಡಿಯೇ ಇರುತ್ತೀರಿ.

ಕಾಗದದ ಮೇಲೆ ನೋಡಿದರೆ ನಮ್ಮ ಕಡೆಗೆ ಸ್ಟಾಂಡರ್ಡ್ 2000 ಹೆಚ್ಚು ಒಗ್ಗಬೇಕಿತ್ತು. ಆದರೆ ಭಾರವಾದ ಬಾಡಿ, ಹಳೇ ಎಂಜಿನ್, ಪೆಟ್ರೋಲ್ ಖರ್ಚು ಜಾಸ್ತಿ, ಬೆಲೆಯೂ ಜಾಸ್ತಿ. 1988ರಲ್ಲಿ ತಯಾರಿಕೆಯೇ ನಿಂತಿತು. ಕಂಪನಿ ಬಾಗಿಲು ಹಾಕಿದ ಮೇಲೆ ವಂಡಲೂರಿನಲ್ಲಿ ಬಿಡಿಭಾಗಗಳು ವರ್ಷಗಟ್ಟಲೆ ಧೂಳು ತಿಂದವು. 2006ರಲ್ಲಿ ಹರಾಜಾದಾಗ ಉಳಿದಿದ್ದ ಎಸ್‌ಡಿ1 ಭಾಗಗಳನ್ನು ಕೊಂಡು ವಾಪಸ್ ತೆಗೆದುಕೊಂಡು ಹೋದವರು ಬ್ರಿಟನ್ನಿನ ಬಿಡಿಭಾಗದ ವ್ಯಾಪಾರಿಗಳು, ಅಲ್ಲಿನ ಹಳೇ ರೋವರ್ ಮಾಲೀಕರಿಗೆ ಮಾರಲು! ನಮ್ಮಲ್ಲಿ ಅನಾಥವಾದ ಕಾರಿನ ಬಿಡಿಭಾಗ ಅಲ್ಲಿಯ ಸಸ್ತಾ ಕಾರುಗಳನ್ನು ಸಾಕಿತು.

*

ಕಾಂಟೆಸ್ಸಾ ಮಾತ್ರ 2002ರವರೆಗೆ ತಯಾರಾಯಿತು. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಅದಕ್ಕೆ ಜಪಾನಿನ ಇಸುಜು 1817 ಸಿಸಿ ಎಂಜಿನ್ ಬಂತು, ಜೊತೆಗೆ ಐದು ಗೇರು. ಆಮೇಲೆ ಡೀಸೆಲ್ಲೂ ಬಂತು. ಬಹಳ ಜನ ಇದನ್ನು 'ಹೊಸ ಎಂಜಿನ್ ಬಂದದ್ದರಿಂದ ಉಳಿಯಿತು' ಅಂತ ಹೇಳಿ ಮುಗಿಸುತ್ತಾರೆ. ಹೊಸದಾಗಿ ಕೊಳ್ಳುವವರ ಮಟ್ಟಿಗೆ ಅದು ಸರಿ. ಆದರೆ ಹಳೆಯದಾಗಿ ಕೊಳ್ಳುವವರ ಮಟ್ಟಿಗೆ ಮುಖ್ಯವಾದದ್ದು ಬೇರೆ. ತೊಂಬತ್ತರ ದಶಕದಲ್ಲಿ ಅದೇ 1.8 ಇಸುಜು ಎಂಜಿನ್ನನ್ನು ಅಂಬಾಸಿಡರಿಗೂ ಹಾಕಿದರು. ಅಂಬಾಸಿಡರ್ ಅಂದರೆ ಟ್ಯಾಕ್ಸಿ, ಸರಕಾರಿ ಗಾಡಿ. ಪ್ರತಿ ತಾಲೂಕಿನಲ್ಲೂ ಅದನ್ನು ಬಿಚ್ಚಿ ಜೋಡಿಸುವ ಕೈಗಳು ಇದ್ದವು.

ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಮಾನ್ವಿಯಲ್ಲಿ ನನ್ನ ಸೋದರಮಾವ 2004ರಲ್ಲಿ ಒಂದು ಕಾಂಟೆಸ್ಸಾ ತಗೊಂಡಿದ್ದರು. ತುಂಗಭದ್ರಾ ಎಡದಂಡೆ ಕಾಲುವೆ ನೀರು ಬಂದ ಮೇಲೆ ಮಾನ್ವಿ, ಸಿಂಧನೂರು ಕಡೆ ಭತ್ತ, ಭತ್ತದ ಹಿಂದೆ ರೈಸ್ ಮಿಲ್ಲು, ಮಿಲ್ಲಿನ ಹಿಂದೆ ದೊಡ್ಡ ಕಾರು. ಆ ದೊಡ್ಡ ಕಾರಿನವರು ಹೊಸ ಕಾಲದ ಕಾರುಗಳಿಗೆ ಹೋದಾಗ ಕಾಂಟೆಸ್ಸಾ ಬೆಲೆ ಬಿತ್ತು. ಮಾಮ ಕೊಟ್ಟದ್ದು ಹೊಸ ಮಾರುತಿ 800ರ ಬೆಲೆಯ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಬ್ರಿಟನ್ನಿನ ಆ ಬ್ಯಾಂಗರ್ ಲೆಕ್ಕ, ಇಪ್ಪತ್ತು ಮೂವತ್ತು ವರ್ಷ ತಡವಾಗಿ, ಮಾನ್ವಿಗೆ ಬಂದು ತಲುಪಿತ್ತು. ಮಾಮನಿಗೆ ವಾಕ್ಸ್‌ಹಾಲ್ ಅಂದರೇನು ಅಂತಲೂ ಗೊತ್ತಿರಲಿಲ್ಲ. ಅವರಿಗೆ ಬೇಕಿದ್ದದ್ದು ಅಜ್ಜಿ ಕಾಲು ಚಾಚಿ ಕೂಡುವ ಗಾಡಿ, ದೇವದುರ್ಗದಲ್ಲಿದ್ದ ದೊಡ್ಡಮ್ಮನ ಮನೆಗೆ ಮಕ್ಕಳೂ ಸೇರಿ ಎಂಟು ಜನ ಹೋಗಿಬರುವ ಗಾಡಿ.

ಮೊದಲ ಸಲ ರಾಯಚೂರಿನ ಉಸ್ತಾದ್ ಹತ್ತಿರ ಒಯ್ದಾಗ ಅವರು ಬಾನೆಟ್ ಎತ್ತಿ ನೋಡಿ ಹೇಳಿದ್ದನ್ನು ಮಾಮ ಆಮೇಲೆ ಎಲ್ಲರ ಮುಂದೂ ಹೇಳುತ್ತಿದ್ದರು.

"ಅಣ್ಣಾರ, ಇದು ಅಂಬಾಸಿಡರ್‌ನ ತಮ್ಮ ಅದ ನೋಡ್ರಿ. ಮೈ ಬ್ಯಾರೆ, ಜೀವ ಒಂದೇ. ನೀವೇನು ಅಂಜಬ್ಯಾಡ್ರಿ."

ಇಡೀ ಇತಿಹಾಸ ಆ ಮಾತಿನಲ್ಲಿದೆ. ಕ್ಲಚ್ ಪ್ಲೇಟ್ ಸವೆದಾಗ ಅಂಬಾಸಿಡರಿನ ಭಾಗ ಇಡುವ ಅಂಗಡಿಯಲ್ಲೇ ವಿಚಾರಿಸಿದರೆ ಸಿಗುತ್ತಿತ್ತು. ಎಂಜಿನ್ನಿನ ಕೆಲಸಕ್ಕೆ ಹೊಸ ಪಾಠ ಬೇಕಿರಲಿಲ್ಲ. ತೊಂದರೆ ಇದ್ದದ್ದು ಕಾಂಟೆಸ್ಸಾಗೆ ಮಾತ್ರ ಸೇರಿದ ಭಾಗಗಳದ್ದು. ಮುಂದಿನ ಗಾಜು, ಬಾಗಿಲ ರಬ್ಬರು, ದೀಪದ ಗ್ಲಾಸು. ಅವಕ್ಕೆ ಹೈದರಾಬಾದಿಗೋ ಬೆಂಗಳೂರಿನ ಜೆ.ಸಿ. ರಸ್ತೆಗೋ ಹೇಳಿ ಕಳಿಸಬೇಕು. ಯಾರಾದರೂ ಬಸ್ಸಿನಲ್ಲಿ ಬರುವವರ ಕೈಯಲ್ಲಿ ತರಿಸಬೇಕು. ಆಗದಿದ್ದರೆ ಟಿಂಕರ್ ಕೂತು ತಗಡು ಬಡಿದು, ಬೇರೆ ಗಾಡಿಯ ರಬ್ಬರು ಕತ್ತರಿಸಿ ಅಂಟಿಸಿ ನಡೆಸುತ್ತಿದ್ದ.

ಪೆಟ್ರೋಲಿನ ಲೆಕ್ಕವನ್ನೂ ಹೇಳಬೇಕು, ಇಲ್ಲದಿದ್ದರೆ ಬರೀ ಹೊಗಳಿದ ಹಾಗಾಗುತ್ತದೆ. ಮಾಮನ ಗಾಡಿ ಲೀಟರಿಗೆ ಎಂಟು, ಬಹಳ ಆದರೆ ಒಂಬತ್ತು ಕಿಲೋಮೀಟರ್. ಮಾನ್ವಿಯಿಂದ ರಾಯಚೂರಿಗೆ ಹೋಗಿ ಬಂದರೆ ಹತ್ತು ಲೀಟರಿಗೂ ಮಿಕ್ಕಿ. ಹಾಗಾಗಿ ಅದು ದಿನಬಳಕೆಯ ಗಾಡಿ ಆಗಲೇ ಇಲ್ಲ. ದಿನದ ಓಡಾಟಕ್ಕೆ ಬೈಕು, ಸರಕಾರಿ ಬಸ್ಸು, ಟಂಟಂ. ಕಾರು ಆಸ್ಪತ್ರೆಗೆ, ಮದುವೆಗೆ, ದೇವದುರ್ಗಕ್ಕೆ. ತಿಂಗಳಿಗೆ ನಾಲ್ಕೈದು ಸಲ ತೆಗೆಯುವ ಕಾರಿಗೆ ಮೈಲೇಜಿಗಿಂತ ಕೊಂಡ ಬೆಲೆ ಮುಖ್ಯ. ಹೊಸ ಕಾರಿನ ಸಾಲದ ಕಂತು ಗಾಡಿ ನಿಂತಿದ್ದರೂ ಕಟ್ಟಬೇಕು, ಹಳೇ ಗಾಡಿ ಪೆಟ್ರೋಲ್ ಕುಡಿಯುವುದು ಓಡಿದಾಗ ಮಾತ್ರ. "ತಗೊಳ್ಳೂದು ಸಸ್ತಾ ಅದ, ಸಾಕೂದು ಗೊತ್ತಿರಬೇಕು" ಅನ್ನುತ್ತಿದ್ದರು ಮಾಮ. ಎತ್ತು ಸಾಕಿದವರ ಲೆಕ್ಕ ಅದು. ಸ್ಪ್ರೆಡ್‌ಶೀಟಿನಲ್ಲಿ ಹಾಕಿ ನೋಡಿದೆ, ತಪ್ಪೇನೂ ಇಲ್ಲ :-)

ಅದೇ ಹೊತ್ತಿನಲ್ಲಿ ಮಾಮನಿಗೆ ಇನ್ನೂ ಕಡಿಮೆ ದುಡ್ಡಿಗೆ ಒಂದು ಸ್ಟಾಂಡರ್ಡ್ 2000 ಸಿಕ್ಕಿದ್ದರೆ? ಇಂಜಿನಿಯರಿಂಗ್ ಲೆಕ್ಕದಲ್ಲಿ ಅದು ಮೇಲಿನ ಕಾರು. ಆದರೆ ಸ್ಟಾಂಡರ್ಡ್ ಕಂಪನಿ 1977ರಿಂದ ಎಂಟು ವರ್ಷ ಕಾರನ್ನೇ ಮಾಡಿರಲಿಲ್ಲ. ಆಮೇಲೆ ಮಾಡಿದ್ದು ಮೂರೇ ವರ್ಷ. ಅಷ್ಟರಲ್ಲಿ ಒಂದು ತಲೆಮಾರಿನ ಹುಡುಗರು ಗ್ಯಾರೇಜಿಗೆ ಸೇರಿ ಉಸ್ತಾದರಾಗಿದ್ದರು, ಅವರು ಕಲಿತದ್ದು ಅಂಬಾಸಿಡರ್, ಫಿಯಟ್, ಮಹೀಂದ್ರಾ ಜೀಪು. ಲೈನರ್ ಎಳೆಯುವುದು ಸುಲಭವಿದ್ದರೇನು, ಹೊಸ ಲೈನರ್ ಎಲ್ಲಿಂದ ತರುವುದು?

ನಮ್ಮ ಬೆಂಗಳೂರಿನಲ್ಲೂ ಇದೇ ಕಥೆ ನಡೆದಿದೆ. 1982ರಲ್ಲಿ ಸಿಪಾನಿ ಕಂಪನಿಯವರು ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರನ್ನು ಡಾಲ್ಫಿನ್ ಅಂತ ಹೆಸರಿಟ್ಟು ಮಾಡಿದರು. ಅದು ಸಲೂನ್ ಅಲ್ಲ, ಎರಡು ಬಾಗಿಲಿನ ಪುಟ್ಟ ಗಾಡಿ. 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಫೈಬರ್‌ಗ್ಲಾಸ್ ಮೈ. ಹಗುರ ಇದ್ದದ್ದರಿಂದ ರೇಸು, ರ್‍ಯಾಲಿಯವರಿಗೆ ಅಚ್ಚುಮೆಚ್ಚು. ತುಕ್ಕು ಹಿಡಿಯುವ ಮಾತೇ ಇಲ್ಲ. ಆದರೆ ತಗಡು ಬಡಿಯುವ ಟಿಂಕರ್ ಎಲ್ಲಾ ಊರಲ್ಲೂ ಇದ್ದ, ಫೈಬರ್‌ಗ್ಲಾಸ್ ಬೆಸೆಯುವವನು ಇರಲಿಲ್ಲ. ಮರುವರ್ಷವೇ ಮಾರುತಿ ಬಂತು, ಡಾಲ್ಫಿನ್ ಹಿಂದೆ ಬಿತ್ತು. ತೊಂಬತ್ತರ ದಶಕದಲ್ಲಿ ಅದೇ ಸಿಪಾನಿಯವರು ರೋವರ್ ಮಾಂಟೆಗೋ ಜೋಡಿಸಿ ಮಾರಿದರು, ಅದೂ ನಿಲ್ಲಲಿಲ್ಲ.

ಇಷ್ಟೆಲ್ಲ ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ಒಂದು ಹಳೇ ಕಾರು ನಮ್ಮ ಕೈಗೆ ಎಟುಕುತ್ತದೋ ಇಲ್ಲವೋ ಅನ್ನುವುದನ್ನು ಅದರ ಬೆಲೆಯೊಂದೇ ತೀರ್ಮಾನಿಸುವುದಿಲ್ಲ. ನಮ್ಮ ಮನೆಯಿಂದ ಐವತ್ತು ಕಿಲೋಮೀಟರಿನೊಳಗೆ ಅದನ್ನು ಬಿಚ್ಚಬಲ್ಲವರು ಎಷ್ಟು ಜನ ಇದ್ದಾರೆ ಅನ್ನುವುದೂ ತೀರ್ಮಾನಿಸುತ್ತದೆ. ಮಾನ್ವಿಯ ಒಬ್ಬ ಸಾಧಾರಣ ಮನುಷ್ಯ ಕಾಂಟೆಸ್ಸಾ ಸಾಕಿದ್ದು ಟ್ಯಾಕ್ಸಿ ಡ್ರೈವರುಗಳ, ಅವರ ಮೆಕ್ಯಾನಿಕ್‌ಗಳ ಬಲದಿಂದ. ಅವರು ಅಂಬಾಸಿಡರಿಗಾಗಿ ಕಲಿತದ್ದರ ಲಾಭ ಇವರಿಗೆ ಸಿಕ್ಕಿತು.

ಆ ಬಲ ಈಗ ಕರಗುತ್ತಿದೆ. 2014ರ ಮೇ ತಿಂಗಳಲ್ಲಿ ಅಂಬಾಸಿಡರೂ ನಿಂತಿತು. ಹಳೇ ಉಸ್ತಾದರ ಮಕ್ಕಳು ಬೇರೆ ಕೆಲಸಕ್ಕೆ ಹೋದರು, ಇಲ್ಲವೇ ಕಂಪ್ಯೂಟರ್ ಚುಚ್ಚಿ ನೋಡುವ ಕಾರುಗಳನ್ನು ಕಲಿತರು. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಮಾಡಿದರು. 50 ವರ್ಷ ದಾಟಿದರೆ 2021ರ ನಿಯಮದ ಪ್ರಕಾರ ವಿಂಟೇಜ್ ಅನ್ನುವ ಮರ್ಯಾದೆ ಇದೆ. ಮೊದಲ ಕಾಂಟೆಸ್ಸಾಗೆ ಆ ಮರ್ಯಾದೆ ಸಿಗಲು 2034 ಬರಬೇಕು. ಅಲ್ಲಿಯವರೆಗೆ ಬದುಕಿರಬೇಕಲ್ಲ? ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಈಗ ಶೇಕಡಾ 20 ಎಥನಾಲ್. ಹಳೆಯ ರಬ್ಬರ್ ಪೈಪು, ಕಾರ್ಬುರೇಟರ್ ಸೀಲುಗಳಿಗೆ ಅದು ಆಗಿಬರುವುದಿಲ್ಲ.

ಹಳೇ ಗಾಡಿಗಳ ಹೊಗೆ ಒಳ್ಳೆಯದು ಅಂತ ನಾನು ವಾದ ಮಾಡುವುದಿಲ್ಲ. ಆದರೆ ಕಾಂಟೆಸ್ಸಾ ಈಗ ದೊಡ್ಡ ಊರುಗಳಲ್ಲಿ ದುಡ್ಡಿದ್ದವರು ಲಕ್ಷಗಟ್ಟಲೆ ಸುರಿದು ಮಿರಿಮಿರಿ ಮಾಡಿಸಿಕೊಳ್ಳುವ ಶೋಕಿಯ ಕಾರಾಗಿದೆ. ಮಾಮನಂಥವರ ಕಾರಾಗಿ ಅದು ಉಳಿದಿಲ್ಲ. ಅವರ ಗಾಡಿ 2012ರಲ್ಲಿ ಹೋಯಿತು. ಕೊಂಡವನು ಎಂಜಿನ್ ಬಿಚ್ಚಿ ಒಂದು ಅಂಬಾಸಿಡರಿಗೆ ಹಾಕಿದ ಅಂತ ಕೇಳಿದೆ.

ನಿಮ್ಮ ಊರಿನಲ್ಲಿ, ಮನೆಯಲ್ಲಿ ಹೆರಾಲ್ಡ್, ಗೆಜಲ್, ಡಾಲ್ಫಿನ್, ಸ್ಟಾಂಡರ್ಡ್ 2000 ಇದ್ದ ನೆನಪಿದ್ದರೆ ಕೆಳಗೆ ಬರೆಯಿರಿ. ಯಾವ ಕಾರು ಅನ್ನುವುದಕ್ಕಿಂತ ಅದನ್ನು ರಿಪೇರಿ ಮಾಡುತ್ತಿದ್ದವರು ಎಲ್ಲಿ, ಹೇಗೆ ಕಲಿತವರು ಅಂತ ಬರೆದರೆ ಇನ್ನೂ ಸಂತೋಷ.